ಭೂತಗನ್ನಡಿ ಹಿಡಿದು ಓದುವ ನಿಘಂಟು

ಹದಿಮೂರು ಸಂಪುಟಗಳ ಆಕ್ಸ್‌ಫರ್ಡ್ ಇಂಗ್ಲಿಷ್ ನಿಘಂಟನ್ನು 1971ರಲ್ಲಿ ಎರಡೇ ಸಂಪುಟಕ್ಕೆ ಇಳಿಸಿದರು. ಹಳೆಯ ನಾಲ್ಕು ಪುಟ ಕುಗ್ಗಿಸಿ ಒಂದೇ ಪುಟದಲ್ಲಿ ಅಚ್ಚು ಹಾಕಿದ್ದಾರೆ. ಪೆಟ್ಟಿಗೆಯ ಮೇಲ್ಭಾಗದಲ್ಲಿ ಪುಟ್ಟ ಡ್ರಾಯರ್, ಅದರೊಳಗೆ ಭೂತಗನ್ನಡಿ. ಸೆಕೆಂಡ್ ಹ್ಯಾಂಡ್ ಕೊಳ್ಳುವವರು ಮೊದಲು ಆ ಡ್ರಾಯರ್ ಎಳೆದು ನೋಡಿ. ಕನ್ನಡಿ ಇಲ್ಲದಿದ್ದರೆ ಬೆಲೆ ಇಳಿಸಿ ಕೇಳಿ, ಸಂಕೋಚ ಬೇಡ.

ನನಗೆ ಹಿಡಿಸಿದ್ದು ಅರ್ಥಗಳನ್ನು ಜೋಡಿಸಿದ ರೀತಿ. ಹಳೆಯದು ಮೊದಲು, ಹೊಸದು ಆಮೇಲೆ. ಬಳಕೆ ತಪ್ಪಿದ ಅರ್ಥದ ಪಕ್ಕ ಸಣ್ಣ ಕಠಾರಿಯ ಗುರುತು. ‘ನೈಸ್’ ತೆಗೆದರೆ ಮೊದಲಿಗೇ ‘ದಡ್ಡ’ ಅಂತ ಇದೆ, ಕಠಾರಿ ಸಮೇತ! ಬೇರು ಲ್ಯಾಟಿನ್ನಿನ ‘ನೆಸ್ಕಿಯಸ್’, ಅಂದರೆ ಏನೂ ಗೊತ್ತಿಲ್ಲದವ. ಅಲ್ಲಿಂದ ನಾಜೂಕಿನವನಾಗಿ, ಕೊನೆಗೆ ಒಳ್ಳೆಯವನಾದ. ಹೆಜ್ಜೆ ಹೆಜ್ಜೆಗೂ ಇಸವಿ ಹಾಕಿದ ಉದಾಹರಣೆ ವಾಕ್ಯಗಳಿವೆ. ‘ಸಿಲ್ಲಿ’ಯದು ಉಲ್ಟಾ ಕಥೆ: ಹಿಂದೆ ಪುಣ್ಯವಂತ, ಈಗ ಪೆದ್ದ. ‘ಗರ್ಲ್’ ಅಂದರೆ ಒಂದು ಕಾಲಕ್ಕೆ ಗಂಡುಮಗುವೂ ಆಗಬಹುದಿತ್ತು.

ಮೂಲ ನಿಘಂಟು ಮುಗಿದದ್ದು 1928ರಲ್ಲಿ. ಹಾಗಾಗಿ ‘ಕಂಪ್ಯೂಟರ್’ ಇಲ್ಲಿ ಇನ್ನೂ ಮನುಷ್ಯ, ವೀಕ್ಷಣಾಲಯದಲ್ಲಿ ಕೂತು ಲೆಕ್ಕ ಹಾಕುವ ನೌಕರ. ತಮಾಷೆಯಾಗಿದೆ ಅಲ್ವಾ? ಇವತ್ತಿನ ಅರ್ಥ ಬೇಕಿದ್ದರೆ ಆನ್‌ಲೈನ್ ಆವೃತ್ತಿಯೇ ಗತಿ.

ಭಾರ ಜಾಸ್ತಿ, ಮಲಗಿಕೊಂಡು ಓದಲಾಗುವುದಿಲ್ಲ. ಚಾಳೀಸು ಬಂದವರಿಗೆ ಟೇಬಲ್ ಲ್ಯಾಂಪ್ ಕಡ್ಡಾಯ. ಮಕ್ಕಳ ಹೋಂವರ್ಕ್‌ಗೆ ಇದು ಬೇಡವೇ ಬೇಡ. ಸುಮ್ನೆ ಒಂದು ಪದ ಹುಡುಕಲು ಹೋಗಿ ಗಂಟೆಗಟ್ಟಲೆ ಕೂತುಬಿಡುವ ಜಾತಿಯವರು ನೀವಾದರೆ ಧಾರಾಳವಾಗಿ ಕೊಳ್ಳಿ.