ಅವ್ವನ ಎಂಆರ್‌ಐ, 12 ಎಂಎಲ್ ಇಂಜೆಕ್ಷನ್ನು, ಮೈಸೂರಿನ ಒಂದು ಸ್ಕ್ಯಾನ್ ಸೆಂಟರ್

ಐದಕ್ಕೆ ಮೂರೂವರೆ ಸ್ಟಾರ್ ಕೊಡ್ತೀನಿ. ಸೆಂಟರ್ ಹೆಸರು ಹಾಕಲ್ಲ, ಬೈಯೋದೂ ಇದೆ ಅದಕ್ಕೆ.

ಅವ್ವನಿಗೆ 62, ಹತ್ತು ವರ್ಷದಿಂದ ಶುಗರು. ಮಂಡ್ಯದಲ್ಲಿ ಅಲ್ಟ್ರಾಸೌಂಡ್ ಮಾಡಿಸಿದ್ರೆ ಲಿವರಲ್ಲಿ ಸಣ್ಣದೊಂದು ಗಂಟು ಕಾಣ್ತು, ಡಾಕ್ಟ್ರು ಕಾಂಟ್ರಾಸ್ಟ್ ಎಂಆರ್‌ಐ, ಅಂದ್ರೆ ಒಳಗಿಂದು ಎದ್ದು ಕಾಣ್ಲಿ ಅಂತ ಇಂಜೆಕ್ಷನ್ ಚುಚ್ಚಿ ತೆಗೆಯೋ ಸ್ಕ್ಯಾನ್, ಮಾಡಿಸ್ಕೊಂಡು ಬನ್ನಿ ಅಂತ ಬರ್ಕೊಟ್ರು. ಅದು ಸಾಲದು ಅಂತ ನಮ್ಮ ಚಿಕ್ಕಪ್ಪ ಫ್ಯಾಮಿಲಿ ಗ್ರೂಪಿಗೆ ಒಂದು ವಾಯ್ಸ್ ಮೆಸೇಜ್ ಬಿಟ್ಟಿದ್ರು, ಸ್ಕ್ಯಾನಿಂಗಲ್ಲಿ ನ್ಯಾನೋ ಕಣ ಚುಚ್ತಾರಂತೆ, ಅದು ಮೈಯಿಂದ ಆಚೆಗೇ ಬರಲ್ವಂತೆ ಅಂತ. ಅವ್ವ ರಾತ್ರಿಯೆಲ್ಲ ಹೊರಳಾಡ್ತಿತ್ತು. "ಒಳಿಕ್ ಬುಟ್ಟಿದ್ದು ಆಚಿಕ್ ಬರ್ದೆ ಓದ್ರೆ ಏನ್ಲಾ ಮಗ ಮಾಡದು?"

ಬೆಳಗ್ಗೆ ಏಳಕ್ಕೆ ಟೈಮ್ ಕೊಟ್ಟಿದ್ರು, ಖಾಲಿ ಹೊಟ್ಟೇಲಿ ಮಂಡ್ಯ ಬಿಟ್ಟು ಹತ್ತು ನಿಮಿಷ ಮುಂಚೇನೇ ಹೋದ್ವಿ. ರಿಸೆಪ್ಷನ್ನಲ್ಲಿ ನಾಲ್ಕು ಪೇಜಿನ ಫಾರಂ, ಒಂದಕ್ಷರ ಕನ್ನಡ ಇಲ್ಲ, ಇಲ್ಲಿ ಸೈನ್ ಹಾಕಿ ಇಲ್ಲಿ ಹಾಕಿ ಅಂತ ಪೆನ್ ತುದೀಲಿ ತೋರಿಸ್ತಾ ಹೋದ್ರು. ಯಾವ ಇಂಜೆಕ್ಷನ್ ಮೇಡಂ ಅಂದೆ. "ಕಾಂಟ್ರಾಸ್ಟ್ ಸಾರ್, ಎಲ್ರಿಗೂ ಕೊಡೋದೇ." ಇದೊಂದು ಉತ್ತರಾನಾ? ಅರ್ಧ ಸ್ಟಾರ್ ಕಟ್ ಆಗಿದ್ದು ಇಲ್ಲೇ.

ಒಳಗಿದ್ದ ಟೆಕ್ನಿಷಿಯನ್ ಹುಡುಗ ಮಾತ್ರ ಬೇರೆ ಥರ. ಪೇಸ್‌ಮೇಕರ್ ಇದ್ಯಾ, ಮೈಯಲ್ಲಿ ರಾಡು ಪ್ಲೇಟು ಏನಾದ್ರೂ, ಹಿಂದೆ ಯಾವ್ದಾದ್ರೂ ಇಂಜೆಕ್ಷನ್ನಿಗೆ ಅಲರ್ಜಿ ಆಗಿತ್ತಾ ಎಲ್ಲ ಕೇಳಿ, ಕಿಡ್ನಿ ಹೆಂಗಿದೆ ಅಂತ ಹೇಳೋ ಕ್ರಿಯಾಟಿನಿನ್ ರಕ್ತಪರೀಕ್ಷೆ ರಿಪೋರ್ಟ್ ಈಸ್ಕೊಂಡ. 1.4 ಇತ್ತು, ಸ್ವಲ್ಪ ಜಾಸ್ತೀನೇ. ತಾನೇ ಮುಂದುವರೀಲಿಲ್ಲ, ರೇಡಿಯಾಲಜಿಸ್ಟ್ ಮೇಡಂನ ಕರ್ಕೊಂಡ್ ಬಂದ.

ಅವರು ಅವ್ವನ ಪಕ್ಕ ಬೆಂಚಲ್ಲೇ ಕೂತ್ಕೊಂಡು ಹತ್ತು ನಿಮಿಷ ಹೇಳಿದ್ರು ಕಣ್ರೀ, ಆ ಹತ್ತು ನಿಮಿಷಕ್ಕೆ ಫುಲ್ ಐದು. ನಾವು ಕೊಡೋದು ನ್ಯಾನೋ ಅಲ್ಲಮ್ಮ, ಗ್ಯಾಡೊಲಿನಿಯಂ ಅನ್ನೋ ಲೋಹ, ಬಿಡಿಯಾಗಿ ಬಿಟ್ರೆ ವಿಷ, ಅದಕ್ಕೇ ಒಂದು ಕೆಮಿಕಲ್ ಪಂಜರದೊಳಗೆ ಕೂಡಿ ಹಾಕಿರ್ತಾರೆ, ಕಿಡ್ನಿ ಚೆನ್ನಾಗಿದ್ರೆ ಒಂದೂವರೆ ಗಂಟೇಲಿ ಅರ್ಧ ರಕ್ತದಿಂದ ಇಳಿದು ಮೂತ್ರಕ್ಕೆ ಹೋಗುತ್ತೆ ಅಂದ್ರು. ಪಂಜರದಲ್ಲೂ ಎರಡು ಥರ, ದಾರದ ಹಾಗೆ ತೆರೆದಿರೋದು, ಬಳೆ ಹಾಗೆ ಮುಚ್ಚಿರೋದು. ತೆರೆದಿದ್ದು ಸಡಿಲ. ಕಿಡ್ನಿ ಹೋಗಿರೋರಿಗೆ ಅದನ್ನ ಕೊಟ್ಟಾಗ ಕೆಲವರ ಚರ್ಮ ಕಲ್ಲಿನ ಹಾಗೆ ಗಟ್ಟಿಯಾಗಿ ಕೈಕಾಲು ಮಡಿಸೋಕಾಗದೆ ಹೋಯ್ತು, 2006ರಲ್ಲಿ ಅನುಮಾನ ಇದರ ಮೇಲೆ ಬಂತು, 2007ರಲ್ಲಿ ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆ ಎಫ್‌ಡಿಎ ಕಟ್ಟುನಿಟ್ಟಿನ ಎಚ್ಚರಿಕೆ ಹಾಕಿಸ್ತು, 2017ರಲ್ಲಿ ಯುರೋಪು ತೆರೆದ ಪಂಜರದವನ್ನ ಬಹುಪಾಲು ನಿಲ್ಲಿಸ್ತು. ಕಿಡ್ನಿ ಎಷ್ಟು ಸೋಸುತ್ತೆ ಅನ್ನೋ ಲೆಕ್ಕ, ಇಜಿಎಫ್‌ಆರ್ ಅಂತೀವಿ, ಅದು 30ರ ಕೆಳಗಿದ್ರೆ ನಾವು ಎರಡೆರಡು ಸಲ ಯೋಚಿಸ್ತೀವಿ, ನಿಮ್ದು 42 ಇದೆ, ಮುಚ್ಚಿರೋದನ್ನೇ ಕೊಡ್ತೀವಿ ಅಂತ ಹೇಳಿದ್ಮೇಲೆ ಅವ್ವ ತೋಳು ಚಾಚ್ತು.

ಹಂಗಾದ್ರೆ ಚಿಕ್ಕಪ್ಪ ಹೇಳಿದ ನ್ಯಾನೋ ಯಾವ್ದು ಅಂತ ಮನೆಗೆ ಬಂದು ಓದ್ದೆ. ಇದೆ, ಅದು ಕಬ್ಬಿಣದ ಆಕ್ಸೈಡ್ ಕಣ. ಲಿವರ್ ನೋಡೋಕೇ ಅಂತ ಫೆರಿಡೆಕ್ಸ್ ಅನ್ನೋದಕ್ಕೆ 1996ರಲ್ಲಿ ಅಮೆರಿಕದಲ್ಲಿ ಒಪ್ಪಿಗೆ ಸಿಕ್ಕಿತ್ತು, 2008ರಲ್ಲಿ ನಿಲ್ಲಿಸಿದ್ರು. ಒಳ್ಳೆ ಲಿವರ್ ಕಣಗಳನ್ನ ನುಂಗಿ ಕಪ್ಪಗೆ ಕಾಣುತ್ತೆ, ಕೆಟ್ಟ ಗಂಟು ಬೆಳ್ಳಗೆ ಉಳಿಯುತ್ತೆ. ರಕ್ತಹೀನತೆಗೆ ಅಂತ 2009ರಲ್ಲಿ ಬಂದ ಫೆರುಮಾಕ್ಸಿಟಾಲನ್ನೂ ಕೆಲವು ಕಡೆ ಕಿಡ್ನಿ ಪೇಷಂಟ್‌ಗಳ ಎಂಆರ್‌ಐಗೆ ಬಳಸ್ತಾರೆ. ಇವು ಮೂತ್ರದಲ್ಲಿ ಬರಲ್ಲ ಅನ್ನೋದು ನಿಜಾನೇ, ಕಿಡ್ನಿಯ ಜರಡೀಲಿ ತೂರೋಕಾಗದಷ್ಟು ದಪ್ಪ, ಆದ್ರೆ ಲಿವರು, ಸ್ಪ್ಲೀನು (ಗುಲ್ಮ) ಅದನ್ನ ಅರಗಿಸಿ ಕಬ್ಬಿಣಾನ ರಕ್ತಕ್ಕೆ ಹಾಕ್ಕೊಳ್ತವೆ. ಭಯ ಇರೋದು ಇನ್ನೊಂದು ಕಡೆ, ಅಲರ್ಜಿ. ಫೆರುಮಾಕ್ಸಿಟಾಲಿಂದ ಜೀವ ಹೋದ ಕೇಸ್‌ಗಳಾದ್ಮೇಲೆ 2015ರಲ್ಲಿ ಎಫ್‌ಡಿಎ ಎಚ್ಚರಿಕೆ ಬಿಗಿ ಮಾಡಿ, ಒಂದೇ ಸಲ ಚುಚ್ಚಬೇಡಿ, ಡ್ರಿಪ್ಪಲ್ಲಿ ಕನಿಷ್ಠ 15 ನಿಮಿಷ ಹಿಡೀಬೇಕು, ಆಮೇಲೆ ಅರ್ಧ ಗಂಟೆ ಕಾಯಬೇಕು ಅಂದ್ರು.

ನಿಜವಾಗ್ಲೂ ಆಚೆಗೆ ಬರದೇ ಇದ್ದಿದ್ದು ಥೊರೊಟ್ರಾಸ್ಟ್. 1930ರಿಂದ 50ರ ತನಕ ಎಕ್ಸ್‌ರೇಗೆ ಅಂತ ಥೋರಿಯಂ ಕಣ ಚುಚ್ತಿದ್ರು, ವಿಕಿರಣ ಸೂಸೋ ವಸ್ತು, ಲಿವರಲ್ಲೇ ಉಳ್ಕೊಂಡು ಇಪ್ಪತ್ತು ಮೂವತ್ತು ವರ್ಷ ಆದ್ಮೇಲೆ ಕ್ಯಾನ್ಸರ್. ಚಿಕ್ಕಪ್ಪನ ಮೆಸೇಜಿಗೂ ಎಲ್ಲೋ ಒಂದು ಬೇರು ಇತ್ತು ಅನ್ನಿ.

ಅವ್ವನ ತೂಕ 58, ಅದಕ್ಕೆ 12 ಎಂಎಲ್. "ತೋಳೊಳಿಕ್ ತಣ್ಣೀರ್ ಅರ್ದಂಗಾಯ್ತು" ಅಂತು. ಸಿಸ್ಟರ್ ಬಾಟ್ಲಿಯ ಸ್ಟಿಕ್ಕರ್ ಕಿತ್ತು ಫೈಲಿಗೆ ಅಂಟಿಸಿದ್ರು, ನಾನು ಫೋಟೋ ಹೊಡ್ಕೊಂಡೆ: ಗ್ಯಾಡೊಟೆರೇಟ್, ಮುಚ್ಚಿರೋ ಪಂಜರದ್ದೇ. ಅದಾದ್ಮೇಲೆ ಇನ್ನೊಂದು ಸ್ಟಾರ್ ಹೋಯ್ತು. ಮೇಡಂ ಅರ್ಧ ಗಂಟೆ ಕೂರಿಸಿ ಅಂದಿದ್ರೂ ಹತ್ತೇ ನಿಮಿಷಕ್ಕೆ ಸೂಜಿ ತೆಗೆದು ನೆಕ್ಸ್ಟ್ ಅಂತ ಕೂಗಿದ್ರು, ನಾವೇ ಹೊರಗೆ ಮೆಟ್ಟಿಲ ಮೇಲೆ ಕೂತು ಟೈಮ್ ನೋಡ್ಕೊಂಡ್ವಿ.

ರಿಪೋರ್ಟ್ ಮಾರನೇ ಸಂಜೆ ಬಂತು, ಬರೀ ರಕ್ತನಾಳದ ಗಂಟು, ಏನೂ ಮಾಡ್ಬೇಕಿಲ್ಲ. ಅವ್ವ ಸ್ಕ್ಯಾನ್ ಆದ ದಿನಾನೇ ಗ್ರೂಪಿಗೆ ವಾಯ್ಸ್ ಬಿಟ್ಟಿತ್ತು: "ಮೂರ್ ಸಲ ಒಂದಕ್ಕೋಗ್ ಬಂದೆ ಕಣಪ್ಪ, ಎಲ್ಲ ಆಚಿಕೋಯ್ತು."

ಪಾರ್ಕಿಂಗ್ ಇಲ್ಲ, ಬಸ್ಸಲ್ಲೋ ಆಟೋದಲ್ಲೋ ಹೋಗಿ.