ಒಂದೇ ಕೊಕ್ಕರೆ, ಮೂರು ಚಿತ್ರಗಳು: ಎಡಿಟಿಂಗ್ ಎಲ್ಲಿಯವರೆಗೆ?

ರಂಗನತಿಟ್ಟಿನಲ್ಲಿ ದೋಣಿಯಿಂದ ತೆಗೆದ ಬಣ್ಣದ ಕೊಕ್ಕರೆಯ ಒಂದೇ ಚಿತ್ರವನ್ನು ಮೂರು ಬಗೆಯಲ್ಲಿ ಸಿದ್ಧಪಡಿಸಿ, ಪರದೆಯ ಮೇಲೆ ಪಕ್ಕಪಕ್ಕದಲ್ಲಿಟ್ಟು ನೋಡಿದ್ದೇನೆ. ಒಂದು ಕ್ಯಾಮೆರಾ ತಾನೇ ತಯಾರಿಸಿಕೊಟ್ಟ ಜೆಪೆಗ್. ಇನ್ನೊಂದು ರಾ ಫೈಲನ್ನು (ಸೆನ್ಸರ್ ದಾಖಲಿಸಿದ, ಇನ್ನೂ ಸಂಸ್ಕರಿಸದ ಮೂಲ ಫೈಲು) ಡಾರ್ಕ್‌ಟೇಬಲ್ ಎಂಬ ಉಚಿತ ತಂತ್ರಾಂಶದಲ್ಲಿ ನಾನೇ ಸಂಸ್ಕರಿಸಿದ್ದು. ಮತ್ತೊಂದು ಕೃತಕ ಬುದ್ಧಿಮತ್ತೆಯ ಸಾಧನಗಳಿಂದ ನಾಯ್ಸ್ (ಚಿತ್ರದಲ್ಲಿ ಮರಳಿನಂತೆ ಕಾಣುವ ಕಾಳುಕಾಳು ಚುಕ್ಕೆಗಳು) ತೆಗೆಸಿ, ಕಣ್ಣಿಗೆ ಅಡ್ಡವೆನಿಸಿದ್ದನ್ನು ಅಳಿಸಿದ್ದು. ಹಕ್ಕಿ ಗೂಡಿನ ಅಂಚಿನಲ್ಲಿ ನಿಂತಿತ್ತು. ಬೆನ್ನಿನ ಬಿಳಿ ಗರಿಗಳ ಮೇಲೆ ಬಿಸಿಲು, ಹಿಂದೆ ಎಲೆಗಳ ದಟ್ಟ ನೆರಳು ಇದ್ದುದರಿಂದ ಇದು ಯಾವ ಕ್ಯಾಮೆರಾಕ್ಕೂ ಸುಲಭದ ದೃಶ್ಯವಲ್ಲ.

ಎಡಿಟಿಂಗೇ ಮಾಡದ ಚಿತ್ರವೇ ಪ್ರಾಮಾಣಿಕ ಎಂದು ಜೆಪೆಗ್ ಪರವಾಗಿ ವಾದಿಸುವವರಿದ್ದಾರೆ. ಈ ವಾದವನ್ನು ನಾನು ಒಪ್ಪುವುದಿಲ್ಲ. ಜೆಪೆಗ್ ಕೂಡ ಎಡಿಟ್ ಆದ ಚಿತ್ರವೇ: ಕಾಂಟ್ರಾಸ್ಟ್ ಎಷ್ಟಿರಬೇಕು, ಬಣ್ಣ ಎಷ್ಟು ಗಾಢವಾಗಿರಬೇಕು, ಅಂಚುಗಳು ಎಷ್ಟು ಚೂಪಾಗಿರಬೇಕು ಎಂಬುದನ್ನೆಲ್ಲ ಕ್ಯಾಮೆರಾ ಕಂಪನಿಯ ಎಂಜಿನಿಯರುಗಳು ಮೊದಲೇ ನಿರ್ಧರಿಸಿರುತ್ತಾರೆ. 14 ಬಿಟ್‌ನ ರಾ ಫೈಲಿನಲ್ಲಿ ಪ್ರತಿ ಬಣ್ಣಕ್ಕೆ 16,384 ಹಂತಗಳಿದ್ದರೆ, 8 ಬಿಟ್‌ನ ಜೆಪೆಗ್‌ನಲ್ಲಿ ಉಳಿಯುವುದು 256 ಮಾತ್ರ. ನನ್ನ ಚಿತ್ರದಲ್ಲಿ ಇದರ ಪರಿಣಾಮ ಸ್ಪಷ್ಟವಾಗಿತ್ತು: ಬೆನ್ನಿನ ಬಿಳುಪು ಗರಿಗಳ ಗುರುತೇ ಇಲ್ಲದ ಒಂದು ಬಿಳಿ ತೇಪೆಯಾಗಿತ್ತು, ಎದೆಯ ಕಪ್ಪು ಪಟ್ಟಿ ಬರೀ ಕಪ್ಪಾಗಿತ್ತು. ಸುದ್ದಿಯ ಚಿತ್ರಗಳ ವಿಷಯ ಬೇರೆ. 2015ರಲ್ಲಿ ರಾಯಿಟರ್ಸ್ ಸುದ್ದಿಸಂಸ್ಥೆಯು ತನ್ನ ಫ್ರೀಲಾನ್ಸ್ ಛಾಯಾಗ್ರಾಹಕರಿಗೆ, ಕ್ಯಾಮೆರಾದಲ್ಲೇ ಜೆಪೆಗ್ ಆಗಿ ದಾಖಲಾದ ಚಿತ್ರಗಳನ್ನಷ್ಟೇ ಕಳಿಸಬೇಕೆಂದು ಸೂಚಿಸಿತು. ವೇಗವೂ ನಂಬಿಕೆಯೂ ಒಟ್ಟಿಗೆ ಬೇಕಾದ ಆ ಕೆಲಸಕ್ಕೆ ಅದು ಸರಿಯೇ.

ರಾ ಫೈಲಿನಲ್ಲಿ ನಾನು ಮಾಡಿದ್ದು ಹೆಚ್ಚೇನಲ್ಲ. ಹೈಲೈಟ್‌ಗಳನ್ನು (ಅತಿ ಬೆಳಕಿನ ಭಾಗಗಳನ್ನು) ತಗ್ಗಿಸಿದೆ, ನೆರಳನ್ನು ತುಸು ಎತ್ತಿದೆ, ಸೆನ್ಸರಿನ ಮೇಲಿನ ಧೂಳಿನ ಚುಕ್ಕೆಯೊಂದನ್ನು ತೆಗೆದೆ, ಒಂದು ಬದಿಯಿಂದ ಕ್ರಾಪ್ ಮಾಡಿದೆ. ಅಷ್ಟಕ್ಕೇ ಎದೆಯ ಕಪ್ಪು ಪಟ್ಟಿಯೊಳಗಿನ ಬಿಳಿ ಅಂಚುಗಳು ಮೀನಿನ ಹುರುಪೆಯಂತೆ ಒಂದೊಂದಾಗಿ ಬಿಡಿಸಿಕೊಂಡವು. ದೋಣಿಯಲ್ಲಿ ಕುಳಿತು ಬೈನಾಕ್ಯುಲರ್‌ನಲ್ಲಿ ಕಂಡದ್ದು ಇದೇ, ಆದ್ದರಿಂದ ಮೂರರಲ್ಲಿ ಹಕ್ಕಿಗೆ ಅತಿ ಹತ್ತಿರವಾದದ್ದು ಈ ಚಿತ್ರವೇ. ಆದರೆ ಈ ವಿಧಾನದಲ್ಲಿಯೂ ಒಂದು ಅಪಾಯವಿದೆ, ಅದು ಸ್ಯಾಚುರೇಷನ್, ಅಂದರೆ ಬಣ್ಣದ ಗಾಢತೆ. ಬಣ್ಣದ ಕೊಕ್ಕರೆಯ ರೆಕ್ಕೆಯ ಹಿಂಬದಿಯ ಗುಲಾಬಿ ಗರಿಗಳು ಮತ್ತು ತಲೆಯ ಬೋಳು ಚರ್ಮ ಗೂಡು ಕಟ್ಟುವ ಕಾಲದಲ್ಲಿ ಹೆಚ್ಚು ರಂಗೇರುತ್ತವೆ. ಸ್ಲೈಡರನ್ನು ಬಲಕ್ಕೆ ಎಳೆಯುತ್ತ ಹೋದಂತೆ ಗುಲಾಬಿಯು ಕಡುಗೆಂಪಾಗಿ, ಹಳದಿ ಕೊಕ್ಕು ಕಿತ್ತಳೆಯಾಗುತ್ತದೆ. ನೋಡಿದವರು ಹಕ್ಕಿಯ ಋತುವನ್ನೇ ತಪ್ಪಾಗಿ ಓದುತ್ತಾರೆ. ಹಕ್ಕಿಗಳ ದಾಖಲೆಗಾಗಿ ಇ-ಬರ್ಡ್ ಎಂಬ ಜಾಲತಾಣಕ್ಕೆ ಚಿತ್ರ ಹಾಕುವವರಿಗೆ ಇದು ಸಣ್ಣ ಮಾತಲ್ಲ.

ಮೂರನೆಯ ಚಿತ್ರ ಮೊಬೈಲಿನ ಗಾತ್ರದಲ್ಲಿ ಎಲ್ಲಕ್ಕಿಂತ ಚೆನ್ನಾಗಿ ಕಾಣುತ್ತದೆ. ಹಿನ್ನೆಲೆ ನುಣುಪಾಗಿದೆ, ಕಣ್ಣು ಹೊಳೆಯುತ್ತದೆ. ಚಿತ್ರವನ್ನು ಪೂರ್ತಿ ಗಾತ್ರಕ್ಕೆ ಹಿಗ್ಗಿಸಿದಾಗ ಬೇರೆಯೇ ಕಾಣುತ್ತದೆ. ಮುಖದ ಚರ್ಮದ ಸುಕ್ಕುಗಳು ಮಾಯವಾಗಿವೆ. ನೆರಳಿನಲ್ಲಿದ್ದ ಹೊಟ್ಟೆಯ ಭಾಗದಲ್ಲಿ, ರಾ ಫೈಲಿನಲ್ಲಿ ಬರೀ ನಾಯ್ಸ್ ಇದ್ದ ಕಡೆ, ತಂತ್ರಾಂಶವು ಅಚ್ಚುಕಟ್ಟಾದ ಗರಿಗಳನ್ನು ತಾನೇ ಬರೆದಿದೆ. ಕಾಲಿಗೆ ಅಡ್ಡವಾಗಿದ್ದ ಕಡ್ಡಿಯನ್ನು ಅಳಿಸಲು ಹೇಳಿದಾಗ ಕಡ್ಡಿ ಹೋಯಿತು, ಆದರೆ ಅದರ ಮರೆಯಲ್ಲಿದ್ದ ಕಾಲಿನ ಗಂಟು ಒಂದಿಷ್ಟು ಮೇಲೆ ಸರಿದು ಮರಳಿ ಬಂತು. ಅದಕ್ಕಿಂತ ದೊಡ್ಡ ತೊಂದರೆಯೆಂದರೆ, ಅದು ಗೂಡಿನದೇ ಕಡ್ಡಿ. ಅದನ್ನು ತೆಗೆದರೆ ಹಕ್ಕಿ ಗೂಡು ಕಟ್ಟಿಕೊಂಡಿದೆ ಎಂಬ ಸಂಗತಿಯಲ್ಲಿಯೇ ಒಂದು ಚೂರು ಅಳಿಸಿಹೋಗುತ್ತದೆ.

ಪ್ರಕೃತಿ ಛಾಯಾಗ್ರಹಣದ ಸ್ಪರ್ಧೆಗಳಿಗೆ ಫಿಯಾಪ್ (ಛಾಯಾಗ್ರಹಣ ಕಲೆಯ ಅಂತರರಾಷ್ಟ್ರೀಯ ಒಕ್ಕೂಟ), ಪಿಎಸ್ಎ (ಫೋಟೊಗ್ರಾಫಿಕ್ ಸೊಸೈಟಿ ಆಫ್ ಅಮೆರಿಕ) ಮತ್ತು ಆರ್‌ಪಿಎಸ್ (ಬ್ರಿಟನ್ನಿನ ರಾಯಲ್ ಫೋಟೊಗ್ರಾಫಿಕ್ ಸೊಸೈಟಿ) ಸಂಸ್ಥೆಗಳು ಸೇರಿ ರೂಪಿಸಿರುವ ವ್ಯಾಖ್ಯೆ ಎಡಿಟಿಂಗ್ ಎಲ್ಲಿಯವರೆಗೆ ಎಂಬ ಗೆರೆಯನ್ನು ಬಹುಮಟ್ಟಿಗೆ ಸರಿಯಾದ ಜಾಗದಲ್ಲಿಯೇ ಎಳೆದಿದೆ: ಕ್ರಾಪ್ ಮಾಡಬಹುದು, ಧೂಳು ಮತ್ತು ನಾಯ್ಸ್ ತೆಗೆಯಬಹುದು, ಬೆಳಕನ್ನು ಅಲ್ಲಲ್ಲಿ ಹೆಚ್ಚು ಕಡಿಮೆ ಮಾಡಬಹುದು, ಆದರೆ ದೃಶ್ಯದಲ್ಲಿದ್ದುದನ್ನು ಅಳಿಸುವಂತಿಲ್ಲ, ಇಲ್ಲದ್ದನ್ನು ಸೇರಿಸುವಂತಿಲ್ಲ. ನನ್ನ ತಕರಾರು ನಾಯ್ಸ್ ಎಂಬ ಒಂದೇ ಅಂಶದ ಬಗ್ಗೆ. ನಾಯ್ಸ್ ತೆಗೆಯುವ ಹೆಸರಿನಲ್ಲಿ ಹೊಸ ಗರಿಗಳು ಹುಟ್ಟಿಕೊಳ್ಳುವುದಾದರೆ ಅದು ಸೇರಿಸುವುದೇ ಆಯಿತು. ಸಾಧನದ ಹೆಸರು ಏನೇ ಇರಲಿ, ತೀರ್ಪುಗಾರರು ರಾ ಫೈಲನ್ನು ಪಕ್ಕದಲ್ಲಿಟ್ಟುಕೊಂಡೇ ನಿರ್ಧರಿಸಬೇಕು. ಸುದ್ದಿಚಿತ್ರಗಳಿಗಾಗಿ ನಡೆಯುವ ವರ್ಲ್ಡ್ ಪ್ರೆಸ್ ಫೋಟೊದ 2015ರ ಸ್ಪರ್ಧೆಯಲ್ಲಿ ಹೀಗೆ ಮೂಲ ಫೈಲುಗಳೊಂದಿಗೆ ಹೋಲಿಸಿ ನೋಡಿದಾಗ, ಕೊನೆಯದಕ್ಕೆ ಹಿಂದಿನ ಸುತ್ತಿನವರೆಗೆ ಬಂದಿದ್ದ ಚಿತ್ರಗಳಲ್ಲಿ ಸುಮಾರು ಶೇ. 20ರಷ್ಟು ಹೊರಬಿದ್ದವು.

ಮನೆಯ ಗೋಡೆಗೆಂದು ಮುದ್ರಿಸುವ ಚಿತ್ರದಲ್ಲಿ ಯಾರಾದರೂ ಕಡ್ಡಿ ಅಳಿಸಿದರೆ ನಾನು ಆಕ್ಷೇಪಿಸುವುದಿಲ್ಲ. ಹಕ್ಕಿಯ ಹೆಸರು, ಸ್ಥಳ, ದಿನಾಂಕಗಳನ್ನು ಬರೆದು ಹಂಚಿಕೊಳ್ಳುವುದಾದರೆ ಮಾತ್ರ ಎರಡನೆಯ ಬಗೆಯ ಚಿತ್ರವನ್ನೇ ಹಂಚಿಕೊಳ್ಳಬೇಕು. ಮೂರನೆಯದನ್ನೇ ಹಾಕುವವರು ಏನನ್ನು ಅಳಿಸಿದ್ದಾರೆ ಎಂಬುದನ್ನು ಅದೇ ಅಡಿಬರಹದಲ್ಲಿ ತಿಳಿಸಬೇಕು.