ಶಾಪ ತಿಳಿಯುವವರೆಗೆ ಕತ್ತಿ ಒರೆಯಲ್ಲಿರಲಿ: ‘ದಿ ವಿಚರ್ 3’ರ ರೂಪಾಂತರಗಳು

ಇರುಳಿನಲ್ಲಿ ದಢೂತಿ ಮನುಷ್ಯನೊಬ್ಬ ತನ್ನ ಮಗಳನ್ನು ಎತ್ತಿಕೊಂಡು ಮನೆಯ ಕಡೆಗೆ ನಡೆಯುತ್ತಿದ್ದಾನೆ. ಆ ಮಗಳು ತಾಯಿಯ ಹೊಟ್ಟೆಯಲ್ಲೇ ಸತ್ತು, ಹೆಸರಿಲ್ಲದೆ, ಸಂಸ್ಕಾರವಿಲ್ಲದೆ ಮಣ್ಣು ಸೇರಿ, ಆಮೇಲೆ ಬಾಚ್‌ಲಿಂಗ್ ಎಂಬ ಪಿಶಾಚಿಯಾಗಿ ಎದ್ದುಬಂದ ಜೀವ. ಚರ್ಮ ಹಸಿಮಾಂಸದ ಬಣ್ಣದ್ದು, ಬಾಯಲ್ಲಿ ಹಸುಗೂಸಿಗೆ ಇರಬಾರದ ಹಲ್ಲುಗಳು. ಅದು ಮಿಸುಕಾಡಿ ಕೆರಳಿದಾಗಲೆಲ್ಲ ಪಕ್ಕದಲ್ಲಿ ನಡೆಯುವ ಆಟದ ನಾಯಕ, ಹಣ ಪಡೆದು ಪಿಶಾಚಿಗಳನ್ನು ಬೇಟೆಯಾಡುವ ‘ವಿಚರ್’ ಗೆರಾಲ್ಟ್, ‘ಆಕ್ಸಿ’ ಎಂಬ ಮಂತ್ರಮುದ್ರೆಯಿಂದ ಅದನ್ನು ಸಮಾಧಾನಪಡಿಸಬೇಕು, ದಾರಿಗೆ ಅಡ್ಡಬರುವ ಪ್ರೇತಗಳನ್ನು ತಡೆಯಬೇಕು. ತಂದೆ ಮಾತ್ರ ಮಗುವನ್ನು ತೋಳಿನಿಂದ ಇಳಿಸುವಂತಿಲ್ಲ. ಕೊನೆಗೆ ಅವನು ಅದಕ್ಕೆ ಡೇಯಾ ಎಂದು ಹೆಸರಿಟ್ಟು, ತನ್ನ ಮಗಳೆಂದು ಒಪ್ಪಿಕೊಂಡು, ಹೊಸ್ತಿಲ ಬುಡದಲ್ಲಿ ಹೂಳಿದಾಗ ಆ ಪಿಶಾಚಿಯು ಮನೆಯನ್ನು ಕಾಯುವ ಲಬ್ಬರ್‌ಕಿನ್ ಎಂಬ ಆತ್ಮವಾಗಿ ಮಾರ್ಪಡುತ್ತದೆ. ಪ್ರತಿದಿನ ಹೊಸ್ತಿಲು ಸಾರಿಸಿ ಅರಿಶಿನ ಕುಂಕುಮ ಇಡುವ ಮನೆಗಳಲ್ಲಿ ಬೆಳೆದ ನನ್ನಂಥವರಿಗೆ, ಪೋಲೆಂಡಿನಲ್ಲಿ ತಯಾರಾದ ಈ ವಿಡಿಯೊ ಆಟದ ಆ ಒಂದು ಘಟ್ಟಕ್ಕೆ ಯಾವ ವಿವರಣೆಯೂ ಬೇಕಾಗಲಿಲ್ಲ.

ಮನುಷ್ಯ ಪ್ರಾಣಿಯಾಗುವ, ಪ್ರಾಣಿ ಮನುಷ್ಯನಾಗುವ ಪ್ರಸಂಗಗಳು ಬಹುತೇಕ ಎಲ್ಲ ಫ್ಯಾಂಟಸಿ ಗೇಮ್‌ಗಳಲ್ಲಿಯೂ ಇವೆ. ಹೆಚ್ಚಿನ ಕಡೆ ಅದು ಆಟಗಾರನಿಗೆ ಸಿಗುವ ಒಂದು ಶಕ್ತಿ: ಗುಂಡಿ ಒತ್ತಿದರೆ ತೋಳವಾಗಬಹುದು, ಇನ್ನೊಮ್ಮೆ ಒತ್ತಿದರೆ ಮರಳಿ ಮನುಷ್ಯನಾಗಬಹುದು. ವಾರ್ಸಾದ ಸಿಡಿ ಪ್ರಾಜೆಕ್ಟ್ ರೆಡ್ ಸಂಸ್ಥೆಯ ವಿಚರ್ ಸರಣಿಯಲ್ಲಿ ರೂಪಾಂತರವೆಂದರೆ ಯಾರೋ ಮಾಡಿದ ತಪ್ಪು ಅವರದೇ ಅಥವಾ ಇನ್ಯಾರದೋ ಮೈಮೇಲೆ ಮೂಡುವುದು. ಈ ವಿಮರ್ಶೆಯಲ್ಲಿ ನಾನು ಮುಖ್ಯವಾಗಿ ನೋಡುತ್ತಿರುವುದು ಆ ಅಂಶವನ್ನೇ. ಕಥೆಯ ತಿರುವುಗಳನ್ನು ಮುಚ್ಚಿಟ್ಟು ಇದನ್ನು ಬರೆಯಲು ಸಾಧ್ಯವಿಲ್ಲವಾದ್ದರಿಂದ, ಇನ್ನೂ ಆಡದವರು ಆಡಿದ ನಂತರ ಓದುವುದು ಒಳ್ಳೆಯದು.

ಆಂಜೆಯ್ ಸಪ್ಕೋವ್ಸ್ಕಿಯವರ ಕಥೆಗಳನ್ನು ಆಧರಿಸಿದ ಈ ಸರಣಿಯ ಮೊದಲ ಆಟ 2007ರಲ್ಲಿ ಬಂದಾಗ, ಅದರ ಆರಂಭದ ದೃಶ್ಯದಲ್ಲೇ ಒಂದು ಶಾಪವಿಮೋಚನೆ ಇತ್ತು. ರಾಜ ಫೋಲ್ಟೆಸ್ಟ್‌ಗೆ ಅವನ ಸ್ವಂತ ತಂಗಿಯಲ್ಲಿ ಹುಟ್ಟಿದ ಮಗಳು ಆಡಾ, ಸ್ಟ್ರಿಗಾ ಎಂಬ ನರಭಕ್ಷಕಿಯಾಗಿರುತ್ತಾಳೆ. ಬೆಳಗಾಗುವವರೆಗೆ ಅವಳು ತನ್ನ ಶವಪೆಟ್ಟಿಗೆಗೆ ಮರಳದಂತೆ ಗೆರಾಲ್ಟ್ ನೋಡಿಕೊಳ್ಳುತ್ತಾನೆ. ಕೊಲ್ಲುವುದು ಸುಲಭವಾಗಿದ್ದರೂ ಕಾಯುವುದನ್ನು ಆರಿಸಿಕೊಳ್ಳುವ ಆ ಗುಣವೇ ಮುಂದೆ 2015ರ ‘ದಿ ವಿಚರ್ 3: ವೈಲ್ಡ್ ಹಂಟ್’ನಲ್ಲಿ ಪೂರ್ತಿಯಾಗಿ ಅರಳಿತು. ಗೆರಾಲ್ಟ್ ಸ್ವತಃ ರೂಪಾಂತರಗೊಂಡವನು ಎಂಬುದನ್ನೂ ಮರೆಯಬಾರದು. ಬಾಲ್ಯದಲ್ಲಿ ಹುಲ್ಲುಗಳ ಪರೀಕ್ಷೆ ಎಂಬ ವಿಷಕ್ರಿಯೆಗೆ ಒಳಪಟ್ಟು ಬದುಕುಳಿದವನ ಕಣ್ಣು ಬೆಕ್ಕಿನ ಕಣ್ಣಾಗಿದೆ, ಕೂದಲು ಬೆಳ್ಳಗಾಗಿದೆ. ಹಳ್ಳಿಯವರು ಅವನಿಗೆ ಹಣ ಕೊಡುವ ಮೊದಲೂ ಕೊಟ್ಟ ನಂತರವೂ ಉಗುಳುತ್ತಾರೆ.

ಪ್ರಾಣಿ-ಪಿಶಾಚಿಗಳ ವಿವರ ಕೊಡುವ ಆಟದೊಳಗಿನ ಮೃಗಕೋಶದಲ್ಲಿ ‘ಶಾಪಗ್ರಸ್ತರು’ ಎಂದೇ ಒಂದು ಪ್ರತ್ಯೇಕ ವರ್ಗವಿದೆ. ತೋಳಮನುಷ್ಯರು, ಬಾಚ್‌ಲಿಂಗ್, ಸ್ಕೆಲ್ಲಿಗೆ ದ್ವೀಪಗಳಲ್ಲಿ ಕರಡಿಯಾಗುವ ಬರ್ಸರ್ಕರ್‌ಗಳು ಅದರಲ್ಲಿ ಸೇರುತ್ತಾರೆ. ಇವರ ವಿರುದ್ಧ ಕತ್ತಿಗೆ ಸವರುವ ಎಣ್ಣೆಯೇ ಬೇರೆ. ತೋಳಮನುಷ್ಯನ ಗಾಯಗಳು ತಾವಾಗಿಯೇ ಕೂಡಿಕೊಳ್ಳುವುದನ್ನು ತಡೆಯಲು ಬೆಳ್ಳಿಯ ಚೂರುಗಳಿರುವ ‘ಮೂನ್ ಡಸ್ಟ್’ ಬಾಂಬನ್ನು ಎಸೆಯಬೇಕು. ಓದಿ ಸಿದ್ಧನಾಗಿ ಹೋದವನಿಗೂ ಸುಮ್ಮನೆ ನುಗ್ಗಿದವನಿಗೂ ಕಾಳಗದಲ್ಲಿ ವ್ಯತ್ಯಾಸ ಸ್ಪಷ್ಟವಾಗಿ ಕಾಣುತ್ತದೆ. ಆದರೆ ಈ ಸಿದ್ಧತೆಯೆಲ್ಲವೂ ವ್ಯರ್ಥವಾಗುವ ಕಡೆಗಳೇ ನನಗೆ ಹೆಚ್ಚು ಇಷ್ಟವಾದವು. ಹಿಂಡರ್ಸ್‌ಫ್ಯಾಲ್ ದ್ವೀಪದಲ್ಲಿ ಫ್ರೇಯಾ ದೇವಿಯ ತೋಟವನ್ನು ಅಪವಿತ್ರಗೊಳಿಸಿ ಶಾಪಕ್ಕೆ ಗುರಿಯಾದ ಕಡಲ್ಗಳ್ಳ ಮಾರ್ಕ್‌ವಾರ್ಗ್‌ನನ್ನು ಎಷ್ಟು ಸಲ ಕೊಂದರೂ ಅವನು ಮತ್ತೆ ಏಳುತ್ತಾನೆ. ಶಾಪದ ಮೂಲವನ್ನು ಹುಡುಕದೆ ಬೇರೆ ದಾರಿಯಿಲ್ಲ.

ಬ್ಲ್ಯಾಕ್‌ಬೋ ಎಂಬ ಹಳ್ಳಿಯ ಬೇಟೆಗಾರ ನಿಯೆಲೆನ್‌ನ ಪ್ರಸಂಗ ಇದಕ್ಕಿಂತ ಚಿಕ್ಕದು, ಆದರೆ ಹೆಚ್ಚು ಕಾಲ ಮನಸ್ಸಿನಲ್ಲಿ ಉಳಿಯುವಂಥದು. ಕಾಣೆಯಾದ ಹೆಂಡತಿ ಹನ್ನಾಳನ್ನು ಹುಡುಕಿಕೊಡಿ ಎಂದು ಅವನೇ ಗೆರಾಲ್ಟ್‌ನನ್ನು ಕೇಳಿಕೊಳ್ಳುತ್ತಾನೆ. ಹುಡುಕಾಟ ನಿಲ್ಲಿಸಲು ಅವಳ ತಂಗಿ ಮಾರ್ಗ್ರಿಟ್ ಹಣದ ಆಸೆ ತೋರಿಸುತ್ತಾಳೆ. ಕಾಡಿನಲ್ಲಿ ಪಂಜದ ಗುರುತುಗಳನ್ನು ಹಿಂಬಾಲಿಸಿ ಹೋದರೆ, ಹನ್ನಾಳನ್ನು ಸೀಳಿದ ತೋಳಮನುಷ್ಯ ಆ ಗಂಡನೇ ಎಂಬುದು ಬಯಲಾಗುತ್ತದೆ. ಭಾವನ ಮೇಲಿನ ಮೋಹದಿಂದ, ಅಕ್ಕ ಹೆದರಿ ಅವನನ್ನು ಬಿಟ್ಟು ಹೋಗಲಿ ಎಂದು ಅವನ ನಿಜರೂಪವನ್ನು ತೋರಿಸಲು ಅವಳನ್ನು ಕರೆದೊಯ್ದವಳು ಮಾರ್ಗ್ರಿಟ್. ಇಲ್ಲಿ ಮೃಗವಾದವನಿಗಿಂತ ಮನುಷ್ಯಳಾಗಿಯೇ ಉಳಿದವಳ ತಪ್ಪು ದೊಡ್ಡದು. ಅವಳನ್ನು ಅವನ ಕೋಪಕ್ಕೆ ಬಿಟ್ಟುಕೊಡಬೇಕೋ ಕಾಪಾಡಬೇಕೋ ಎಂದು ಆಟ ಕೇಳಿದಾಗ ನಾನು ಬಹಳ ಹೊತ್ತು ಕೈಕಟ್ಟಿ ಕುಳಿತಿದ್ದೆ, ಮತ್ತು ಕೊನೆಗೆ ಕಾಪಾಡಿದೆ. ಹಾಗೆ ಮಾಡಿದ್ದರಿಂದ ಮನಸ್ಸಿಗೆ ನೆಮ್ಮದಿ ಸಿಕ್ಕಿತೆಂದು ಹೇಳಲಾರೆ.

ಮೂಲ ಆಟದ ನಂತರ ಬಂದ ವಿಸ್ತರಣೆಗಳಲ್ಲಿಯೂ ಇದೇ ಎಳೆ ಮುಂದುವರಿಯುತ್ತದೆ. 2015ರ ‘ಹಾರ್ಟ್ಸ್ ಆಫ್ ಸ್ಟೋನ್’ನಲ್ಲಿ ಆಕ್ಸನ್‌ಫರ್ಟ್ ನಗರದ ಚರಂಡಿಯಲ್ಲಿರುವ ದೈತ್ಯ ಕಪ್ಪೆಯನ್ನು ಕೊಂದ ಮೇಲಷ್ಟೇ ಅದು ಓಫಿರ್ ದೇಶದ ರಾಜಕುಮಾರನಾಗಿತ್ತೆಂದು ತಿಳಿಯುತ್ತದೆ. 2016ರ ‘ಬ್ಲಡ್ ಆ್ಯಂಡ್ ವೈನ್’ನಲ್ಲಿ ತೂಸಾನ್ ಸೀಮೆಯ ಪಾಳುಬಂಗಲೆಯೊಂದರಲ್ಲಿ ಚುಕ್ಕೆಮೈಯ ವೈಟ್ ಎಂಬ ಪಿಶಾಚಿ ಇದೆ. ಗೆರಾಲ್ಟ್ ಬಂದಿರುವುದು ಔಷಧಕ್ಕೆ ಅದರ ಜೊಲ್ಲು ಬೇಕೆಂದು. ಒಳಗೆ ಹೋದರೆ ಕಾಣುವುದು ಚಮಚಗಳು: ಅಷ್ಟೊಂದು ಚಮಚಗಳನ್ನು ಆ ಜೀವ ಎಲ್ಲಿಂದಲೋ ಕೂಡಿಹಾಕಿದೆ, ಒಲೆಯ ಮೇಲೆ ಹಂಡೆ ಇಟ್ಟು ತನಗೆ ತಾನೇ ಅಡುಗೆ ಮಾಡಿಕೊಳ್ಳುತ್ತಿದೆ. ಮನೆಬಾಗಿಲಿಗೆ ಬಂದ ಭಿಕ್ಷುಕನಿಗೆ ಅನ್ನ ನಿರಾಕರಿಸಿ ಶಾಪಕ್ಕೀಡಾದ ಮಾರ್ಲೀನ್ ಎಂಬ ಸಿರಿವಂತೆ ಅವಳು. ಮೊದಲ ಸಲ ಅವಸರದಲ್ಲಿ ನಾನು ಕತ್ತಿ ಎತ್ತಿ ಜೊಲ್ಲು ತೆಗೆದುಕೊಂಡು ಹೊರಟುಬಿಟ್ಟಿದ್ದೆ. ಎರಡನೆಯ ಸಲ ಆಡುವಾಗ ಅವಳ ಮೇಜಿಗೆ ಹೋಗಿ ಕುಳಿತು ಜೊತೆಯಲ್ಲಿ ಊಟ ಮಾಡಿದೆ. ಪಿಶಾಚಿಯ ರೂಪ ಕಳಚಿ ಹಣ್ಣುಹಣ್ಣು ಮುದುಕಿಯೊಬ್ಬಳು ಉಳಿದಳು. ಅವಳನ್ನು ಗೆರಾಲ್ಟ್‌ನ ದ್ರಾಕ್ಷಿತೋಟದ ಮನೆಗೆ ಕಳುಹಿಸಿದರೆ ಅಲ್ಲಿ ಅಡುಗೆಯವಳಾಗಿ ನೆಲೆಸುತ್ತಾಳೆ. ಆಮೇಲೆ ನಾನು ಆ ಮನೆಗೆ ಹೋದಾಗಲೆಲ್ಲ ಕೆಲಸವಿಲ್ಲದಿದ್ದರೂ ಅಡುಗೆಮನೆಗೆ ಹೋಗಿ ಅವಳನ್ನು ನೋಡಿಕೊಂಡು ಬರುತ್ತಿದ್ದೆ.

ಕೊರತೆಗಳಿವೆ. ಗೆರಾಲ್ಟ್‌ನ ವಿಶೇಷ ಇಂದ್ರಿಯವು ಸುಳಿವುಗಳನ್ನೆಲ್ಲ ಕೆಂಪುಬಣ್ಣದಲ್ಲಿ ಎತ್ತಿ ತೋರಿಸುವುದರಿಂದ ಪತ್ತೇದಾರಿಕೆಯಲ್ಲಿ ಆಟಗಾರನ ಬುದ್ಧಿಗೆ ಕೆಲಸ ಕಡಿಮೆ. ಶಾಪದ ಕಾರಣವನ್ನು ನಾವು ಊಹಿಸುವ ಮೊದಲೇ ಅವನು ಬಾಯಿಬಿಟ್ಟು ಹೇಳಿಬಿಡುತ್ತಾನೆ. ಕಾಳಗವೂ ಹಲವು ಗಂಟೆಗಳ ನಂತರ ಒಂದೇ ತೆರನಾಗಿ ತೋರುತ್ತದೆ. ಇವೆರಡಕ್ಕಿಂತ ನನ್ನನ್ನು ಹೆಚ್ಚು ಕಾಡಿದ್ದು, ಆರಂಭದಲ್ಲಿ ಹೇಳಿದ ಆ ದಢೂತಿ ತಂದೆಯ, ಅಂದರೆ ಬ್ಯಾರನ್ನನ, ಹೆಂಡತಿ ಆನಾಳ ಗತಿ. ಕುಡಿದು ಬಡಿದು ಮಗುವನ್ನು ಕಳೆದವನು ಗಂಡ. ಅವನಿಗೆ ಪಶ್ಚಾತ್ತಾಪಕ್ಕೆ ದೀರ್ಘವಾದ, ಗಂಭೀರವಾದ ದೃಶ್ಯಗಳು ಸಿಗುತ್ತವೆ. ಆನಾ ಮಾತ್ರ, ನಾವು ಬೇರೊಂದು ಪ್ರಸಂಗದಲ್ಲಿ ಮರದ ಬುಡದ ಆತ್ಮವನ್ನು ಬಿಡುಗಡೆ ಮಾಡಿದ್ದಕ್ಕಾಗಿ, ಜೌಗುನೆಲದ ಮಾಟಗಾತಿಯರಿಂದ ನೀರುಪಿಶಾಚಿಯಾಗಿ ಬದಲಾಗುತ್ತಾಳೆ. ಶಾಪ ಬಿಡಿಸಲೆಂದು ಹಲವು ಬೊಂಬೆಗಳ ನಡುವೆ ಅವಳದನ್ನು ಸರಿಯಾಗಿ ಗುರುತಿಸಿದರೂ ಅವಳು ಮನುಷ್ಯರೂಪಕ್ಕೆ ಮರಳಿ ಕೆಲವೇ ಮಾತಾಡಿ ಸಾಯುತ್ತಾಳೆ. ಆ ಆತ್ಮವನ್ನು ಕೊಂದಿದ್ದರೆ ಅವಳು ಬದುಕುತ್ತಿದ್ದಳು, ಆದರೆ ಬುದ್ಧಿ ಕಳೆದುಕೊಂಡು. ಯಾವ ದಾರಿ ಹಿಡಿದರೂ ಅವಳ ಮನಸ್ಸಿನ ಮಾತನ್ನು ಅವಳ ಬಾಯಿಂದ ಸಮಾಧಾನವಾಗಿ ಕೇಳಲು ಆಟ ನಮಗೆ ಸಮಯ ಕೊಡುವುದಿಲ್ಲ. ಇಷ್ಟು ಸೂಕ್ಷ್ಮವಾಗಿ ಬರೆಯಬಲ್ಲವರು ಅವಳಿಗೆ ಇನ್ನಷ್ಟು ನ್ಯಾಯ ಒದಗಿಸಬಹುದಿತ್ತು.

ಕೊಳ್ಳುವವರು ಎರಡೂ ವಿಸ್ತರಣೆಗಳನ್ನು ಒಳಗೊಂಡ ‘ಕಂಪ್ಲೀಟ್ ಎಡಿಷನ್’ ಅನ್ನೇ ಕೊಳ್ಳಲಿ; ಮಾರ್ಲೀನ್‌ಳ ಪ್ರಸಂಗವಿಲ್ಲದೆ ಈ ಆಟ ಅರ್ಧವೇ ಸರಿ. 2022ರ ಡಿಸೆಂಬರ್‌ನಲ್ಲಿ ಬಂದ ಉಚಿತ ಪರಿಷ್ಕರಣೆಯಿಂದ ಚಿತ್ರಗಳು ಇನ್ನಷ್ಟು ಸ್ಪಷ್ಟವಾಗಿವೆ. 2019ರಲ್ಲಿ ನಿಂಟೆಂಡೊ ಸ್ವಿಚ್‌ಗೂ ಇದು ಬಂದಿದೆ. ಕನ್ನಡದಲ್ಲಿ ಪಠ್ಯವಿಲ್ಲದಿರುವುದರಿಂದ ಇಂಗ್ಲಿಷ್ ಸಂಭಾಷಣೆಯನ್ನು ತಾಳ್ಮೆಯಿಂದ ಓದಬೇಕಾಗುತ್ತದೆ. ಓದದೆ ದಾಟಿಸಿದವರಿಗೆ ಇಲ್ಲಿ ಉಳಿಯುವುದು ಕತ್ತಿವರಸೆ ಮಾತ್ರ. ಇದು ವಯಸ್ಕರಿಗೆ ಮೀಸಲಾದ ಆಟ, ಮಕ್ಕಳ ಕೈಗೆ ಕೊಡಬಾರದು. ಇನ್ನೊಂದು ಮಾತನ್ನು ಕಾಳಜಿಯಿಂದಲೇ ಹೇಳುತ್ತಿದ್ದೇನೆ: ಗರ್ಭಪಾತದ ಅಥವಾ ಶಿಶುಮರಣದ ನೋವು ಇನ್ನೂ ಹಸಿಯಾಗಿರುವವರು ವೆಲೆನ್ ಸೀಮೆಯ ಬ್ಯಾರನ್ನನ ಅಧ್ಯಾಯವನ್ನು ಒಬ್ಬರೇ ಕುಳಿತು ಆಡಬೇಡಿ. ಅದು ಮುಖ್ಯ ಕಥೆಯ ದಾರಿಯಲ್ಲೇ ಬರುತ್ತದೆ, ಆ ಮಗುವಿನ ಅಳು ಹೆಡ್‌ಫೋನಿನಲ್ಲಿ ತೀರ ಹತ್ತಿರದಿಂದ ಕೇಳಿಸುತ್ತದೆ.